ಎರಡನೇ ಚೇಂಬರಿನ ಬಾಯಿಲೆಕ್ಕ

"ಆ ಪ್ಲಗ್ ಮುಟ್ಟಿದ್ರೆ ಕೈ ಮುರೀತೀನಿ, ವೇಣುಗೋಪಾಲ್!"

ನಾನು ಕೂಗಿದ ರಭಸಕ್ಕೆ ಕಾನ್‌ಸ್ಟೇಬಲ್ ವೇಣುಗೋಪಾಲ್ ಬಗ್ಗಿದ್ದವನು ಹಾಗೆಯೇ ನಿಂತುಬಿಟ್ಟ. ಒಂದು ಕಾಲದಲ್ಲಿ ಠಾಣೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದವನು. ಕೆಲಸ ಕಲಿಯಲಿಲ್ಲ, ಹೆದರುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ.

ಅವನಿಗೆ ಹುಕುಂ ಕೊಟ್ಟಿದ್ದ ಇನ್ಸ್‌ಪೆಕ್ಟರ್ ಗಂಗಾಧರ್ ಹೆದರುವ ಪೈಕಿ ಅಲ್ಲ. ಶರ್ಟಿಗೆ ಹಾಕಿದ ಇಸ್ತ್ರಿಯನ್ನೇ ಬುದ್ಧಿ ಎಂದು ತಿಳಿದ ಅಧಿಕಾರಿಗಳನ್ನು ನಾನು ಸರ್ವಿಸಿನುದ್ದಕ್ಕೂ ಕಂಡಿದ್ದೇನೆ. ಇವನೂ ಅದೇ ಸಾಲಿನವನು ಎಂದುಕೊಂಡಿದ್ದೆ.

"ಮೇಡಂ, ರಿಟೈರ್ ಆದೋರು ಮನೇಲಿ ಆರಾಮಾಗಿರ್ಬೇಕು. ಈ ಕಂಪ್ಯೂಟರ್ ಎವಿಡೆನ್ಸು. ಸೀಜ್ ಮಾಡಿ ಕೋಲಾರಕ್ಕೆ ಕಳಿಸ್ತೀನಿ."

"ಪ್ಲಗ್ ಕಿತ್ತ ಮೇಲೆ ಕಳಿಸೋಕೆ ಎವಿಡೆನ್ಸ್ ಎಲ್ಲಿರುತ್ತೆ? ಖಾಲಿ ಡಬ್ಬ ಕಳಿಸ್ತೀರ."

ಶ್ರೀನಿವಾಸಪುರದ ಕದಿರಪ್ಪನ ಮಾವಿನ ಮಂಡಿಯ ಆಫೀಸದು. ಮೊನ್ನೆ ಬೆಳಿಗ್ಗೆ ಇದೇ ಮಂಡಿಯ ಎರಡನೇ ಚೇಂಬರಿನಲ್ಲಿ, ಎಂದರೆ ಗ್ಯಾಸ್ ಬಿಟ್ಟು ಕಾಯಿ ಹಣ್ಣು ಮಾಡುವ ಕೋಣೆಯಲ್ಲಿ, ಮೇಲ್ವಿಚಾರಕ ಕಾಂತರಾಜ್ ಉಸಿರುಗಟ್ಟಿ ಸತ್ತು ಬಿದ್ದಿದ್ದ. ಚೇಂಬರಿನ ಬೀಗವನ್ನೂ ಗ್ಯಾಸನ್ನೂ ನಡೆಸುವ ಪ್ರೋಗ್ರಾಮ್ ಬರೆದವಳು ಮಾಲೂರಿನ ಮೌನಿಕಾ. ಅವಳೇ ಬಂದು ದಾಖಲೆ ಅಳಿಸಿದಳು ಎಂಬುದು ಗಂಗಾಧರನ ಆರೋಪ. ಸಂಜೆಯೊಳಗೆ ಅವಳನ್ನು ಒಳಗೆ ಹಾಕುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಮೌನಿಕಾ ನನ್ನ ತಂಗಿ ಆದಿಲಕ್ಷ್ಮಿಯ ಮಗಳು. ಅದಕ್ಕೇ ಯಲ್ದೂರಿನ ನನ್ನ ತೋಟದಲ್ಲಿ ಕಾಯಿ ಇಳಿಸುವವರನ್ನು ಬಿಟ್ಟು ಈ ಮೂರ್ಖರ ಸಂತೆಗೆ ಬಂದಿದ್ದೆ.

ಆಚೆ ಬಾದಾಮಿ ಮಾವಿನ ಹರಾಜು ಕೂಗುತ್ತಿದ್ದರು. ಒಳಗೆ ಕದಿರಪ್ಪ ಕುರ್ಚಿ ತುಂಬ ಕೂತಿದ್ದ. ಪಕ್ಕದಲ್ಲಿ ಅವನ ಮಗ ಮುರಳಿಮೋಹನ್. ಎಂಬಿಎ ಓದಿ ಬಂದು ಮಂಡಿಗೆ ಇಂಗ್ಲಿಷ್ ಹೆಸರಿಟ್ಟದ್ದೇ ಅವನ ಈವರೆಗಿನ ಸಾಧನೆ. ಗಂಗಾಧರ್ ಬಂದ ಕೂಡಲೇ ನಮ್ಮೆಲ್ಲರ ಫೋನು ಕಸಿದು ಮೇಜಿನ ಮೇಲೆ ಸಾಲಾಗಿ ಇಡಿಸಿದ್ದ. ಯಾರೂ ಮುಟ್ಟಬಾರದು, ಯಾರೂ ಫೋಟೋ ತೆಗೆಯಬಾರದು.

ಗೋಡೆಯ ಮೇಲೆ ಈ ಸಲದ ಸೀಸನ್ ಪೂಜೆಯ ಫೋಟೋ ತೂಗುಹಾಕಿದ್ದರು. ಕದಿರಪ್ಪ, ಮುರಳಿಮೋಹನ್, ಕಾಂತರಾಜ್, ಮೌನಿಕಾ, ನಡುವೆ ಹಾರ ಹಾಕಿಸಿಕೊಂಡು ಹಲ್ಲು ಬಿಟ್ಟ ಗಂಗಾಧರ್. ಪೂಜೆಗೆ ಬಂದು ಹಾರ ಹಾಕಿಸಿಕೊಂಡವನೇ ಅದೇ ಮಂಡಿಯ ಸಾವಿನ ತನಿಖೆಗೂ ಬರುವುದು ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

"ಮೌನಿ, ಇವರಿಗೆ ಬಿಡಿಸಿ ಹೇಳು. ಅರ್ಥವಾಗೋ ಹಾಗೆ ಹೇಳು, ನಿಮ್ಮ ಇಂಗ್ಲಿಷಲ್ಲಿ ಬೇಡ."

ಮೌನಿಕಾ ಎದ್ದು ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು. "ಸರ್, ನಾನು ಏನೂ ಅಳಿಸಿಲ್ಲ. ಅಳಿಸೋಕೆ ಇದರಲ್ಲಿ ಏನೂ ಬರೆದಿಟ್ಟೇ ಇಲ್ಲ. ಇದಕ್ಕೆ ಡೇಟಾಬೇಸೇ ಇಲ್ಲ."

ಗಂಗಾಧರ್ ನಕ್ಕ. "ಕಂಪ್ಯೂಟರ್ ಅಂದ್ಮೇಲೆ ಸ್ಟೋರೇಜ್ ಇಲ್ದೇ ಇರುತ್ತಾ? ಯಾರ ಕಿವಿಗೆ ಹೂವ ಇಡ್ತೀಯಮ್ಮ?"

"ಬೇಕಂತಲೇ ಹಾಕಿರಲಿಲ್ಲ ಸರ್. ಮೊದಲು ಚೇಂಬರ್ ಅಂದ್ರೆ ಏನು ಅಂತ ತೀರ್ಮಾನ ಮಾಡ್ಕೋಬೇಕು. ಒಳಗೆ ಎಷ್ಟು ಜನ, ಎಷ್ಟು ಕ್ರೇಟು, ಬೀಗ ಬಿದ್ದಿದ್ಯಾ, ಗ್ಯಾಸ್ ಓಡ್ತಿದ್ಯಾ. ಅಷ್ಟೂ ಸೇರಿದ್ರೆ ಒಂದು ಸ್ಥಿತಿ. ಏನಾದ್ರೂ ಆದಾಗ ಹಳೇ ಸ್ಥಿತೀನ ತಿದ್ದೋದಿಲ್ಲ. ಅದನ್ನ ನೋಡ್ಕೊಂಡು ಹೊಸದೊಂದು ಮಾಡ್ತೀವಿ, ಹಳೇದನ್ನ ಬಿಟ್ಟುಬಿಡ್ತೀವಿ. ಈಗಿನದು ಮಾತ್ರ ಮೆಷಿನ್ ನೆನಪಲ್ಲಿರುತ್ತೆ. ಇಷ್ಟು ಸರಿಯಾಗಿ ನಡೆದ ಮೇಲೆ ಬರೆದಿಡೋದನ್ನ ಆಮೇಲೆ ಸೇರಿಸ್ಬಹುದು. ಕದಿರಪ್ಪನೋರು ಆಮೇಲಿಂದು ಆಮೇಲೆ ಅಂದ್ರು."

"ಅಂದೆ, ಅಂದೆ," ಎಂದ ಕದಿರಪ್ಪ. "ನಾಕೇಮಿ ತೆಲುಸು? ನಂಗೇನ್ ಗೊತ್ತು ಇದೆಲ್ಲಾ? ಕಾಯಿ ಹಣ್ಣಾದ್ರೆ ಸಾಕು ಅಂದೆ."

ಗಂಗಾಧರನ ಮುಖ ನೋಡಿದರೆ ಒಂದಕ್ಷರವೂ ಒಳಗೆ ಇಳಿದಂತೆ ಕಾಣಲಿಲ್ಲ. ನಾನೇ ಬಾಯಿ ಹಾಕಿದೆ.

"ಆಚೆ ಹಮಾಲಿ ಕ್ರೇಟು ಇಳಿಸ್ತಾ ಬಾಯಲ್ಲೇ ಎಣಿಸ್ತಾನಲ್ಲ, ಕೇಳಿದೀರ ಇನ್ಸ್‌ಪೆಕ್ಟ್ರೇ? ಪುಸ್ತಕ ಇಲ್ಲ, ಪೆನ್ನಿಲ್ಲ. ಕೊನೇ ಸಂಖ್ಯೆ ಮಾತ್ರ ಬಾಯಲ್ಲಿರುತ್ತೆ. ನಡುವೆ ಯಾರಾದ್ರೂ ಬೆನ್ನಿಗೆ ಗುದ್ದಿದ್ರೆ ಮರೆತು ಮೊದಲಿಂದ ಶುರು ಮಾಡ್ತಾನೆ. ಇದೂ ಅದೇ, ಬಾಯಿಲೆಕ್ಕ."

"ಅಷ್ಟೇ ದೊಡ್ಡಮ್ಮ," ಎಂದಳು ಮೌನಿಕಾ. "ಒಂದೊಂದು ಚೇಂಬರಿನ ಲೆಕ್ಕಾನೂ ಬೇರೆ ಬೇರೆ. ಒಂದರ ಲೆಕ್ಕ ಕುಸಿದು ಬಿದ್ರೆ, ಅಂದ್ರೆ ಕ್ರ್ಯಾಶ್ ಆದ್ರೆ, ಕಣ್ಣು ಮಿಟುಕಿಸೋದ್ರೊಳಗೆ ಮತ್ತೆ ಏಳುತ್ತೆ, ಆದ್ರೆ ಖಾಲಿಯಾಗಿ ಏಳುತ್ತೆ. ಒಳಗೆ ಯಾರೂ ಇಲ್ಲ, ಬೀಗ ಇಲ್ಲ, ಗ್ಯಾಸ್ ಇಲ್ಲ ಅಂತ. ಉಳಿದ ಚೇಂಬರ್‌ಗಳಿಗೆ ಏನೂ ಗೊತ್ತಾಗಲ್ಲ."

ಇಷ್ಟು ಜಾಣತನವಿರುವ ಹುಡುಗಿ ಮನುಷ್ಯನ ಪ್ರಾಣದ ಮೇಲೆ ಬಾಯಿಲೆಕ್ಕವನ್ನು ಕಾವಲಿಟ್ಟಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ತಂಗಿಯ ಮಗಳಾದರೇನು, ಪೆದ್ದುತನ ಪೆದ್ದುತನವೇ. ಆದರೆ ಪೆದ್ದುತನಕ್ಕೆ ಕೊಲೆಗಾತಿ ಎಂಬ ಹೆಸರು ಅಂಟಲು ನಾನು ಬಿಡುವವಳಲ್ಲ.

"ದಾಖಲೆ ಇಲ್ಲ ಅಂತ ಅವಳೇ ಒಪ್ಪಿಕೊಂಡ್ಳಲ್ಲ. ಇನ್ನು ಪ್ಲಗ್ ಕಿತ್ರೆ ಏನು ನಷ್ಟ?" ಎಂದ ಗಂಗಾಧರ್.

"ಬರೆದಿಟ್ಟಿಲ್ಲ ಅಂದ್ಳು. ಕಾಣಲ್ಲ ಅಂದ್ಳಾ? ಮೌನಿ, ನಂಗೆ ಹೇಳಿದ್ಯಲ್ಲ, ಪರದೆ ಮೇಲಿನ ಆ ಕಪ್ಪು ಕಿಟಕಿ ತೆಗಿ."

ಅವಳು ಪರದೆಯ ಮೂಲೆಯಲ್ಲಿ ಮಡಚಿ ಕೂತಿದ್ದ ಕಪ್ಪು ಕಿಟಕಿಯನ್ನು ದೊಡ್ಡದು ಮಾಡಿದಳು. ಪ್ರೋಗ್ರಾಮಿನಲ್ಲಿ ಹಾದುಹೋಗುವ ಪ್ರತಿಯೊಂದಕ್ಕೂ ಅಲ್ಲಿ ಒಂದು ಸಾಲು ಮೂಡುತ್ತದೆ. ಎಲ್ಲೂ ಉಳಿಯುವುದಿಲ್ಲ, ಮೆಷಿನ್ ಆರಿದರೆ ಅದೂ ಹೋಯಿತು. ಅವಳು ಮೇಲಕ್ಕೆ ಸರಿಸುತ್ತಾ ಹೋದಳು. ಕಾಂತರಾಜ್ ಸತ್ತ ರಾತ್ರಿಯ ಸಾಲುಗಳು ಬಂದವು.

ಎರಡನೇ ಚೇಂಬರ್, ಒಳಗೆ ಜನ: 1. ಕಾಂತರಾಜ್. ಬಾಗಿಲ ಬಳಿಯ ಟ್ಯಾಬ್‌ನಿಂದ.

"ಇದು ಅವರು ಒಳಗೆ ಹೋದಾಗ ತಾವೇ ಹೊಡೆದದ್ದು," ಎಂದಳು ಮೌನಿಕಾ. "ಜನ ಒಂದು ಅಂತ ಇರೋವರೆಗೂ ಬೀಗ ಬೀಳಲ್ಲ. ಒಳಗೆ ಹೋದೋರೇ ಆಚೆ ಬಂದು ತಮ್ಮ ಗುಟ್ಟಿನ ನಂಬರ್ ಹೊಡೆದು ಅದನ್ನ ಸೊನ್ನೆ ಮಾಡ್ಬೇಕು. ಬೇರೆ ಯಾರಿಂದಲೂ ಆಗಲ್ಲ."

ಅದರ ಕೆಳಗೆ ಕೆಂಪು ಸಾಲುಗಳ ರಾಶಿ. ಕುಸಿದದ್ದರ ಗುರುತು. ರಾಶಿಯ ನಡುವೆ ಕನ್ನಡದಲ್ಲಿ ಒಂದೇ ಒಂದು ಪದ.

ಲಾಭ.

ಕದಿರಪ್ಪ ಕುರ್ಚಿಯಲ್ಲಿ ನೆಟ್ಟಗಾದ.

ಮಂಡಿಯ ಗಾಳಿ ಕುಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಲ್ಲಿ ಸರಕು ಎಣಿಸುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಕೆ. ಹಿರಿಯರ ಕಾಲದಿಂದ ಬಂದ ಶಾಸ್ತ್ರ.

"ಪೂಜೆ ದಿನ ಕದಿರಪ್ಪನೋರು ಪರದೇಲಿ ಕ್ರೇಟ್ ಎಷ್ಟು ಅಂತ ತುಂಬೋ ಮನೇಲಿ ಹೀಗೇ ಹೊಡೆದಿದ್ರು," ಎಂದಳು ಮೌನಿಕಾ. "ಪ್ರೋಗ್ರಾಮ್ ಸಂಖ್ಯೆ ಬರುತ್ತೆ ಅಂತ ಕಾಯ್ತಿತ್ತು, ಕುಸಿದು ಬಿತ್ತು, ಖಾಲಿಯಾಗಿ ಎದ್ದಿತು. ಎಲ್ಲಾ ಬಿದ್ದು ಬಿದ್ದು ನಕ್ರು. ಕ್ರೇಟಿನದ್ದನ್ನ ಅವತ್ತೇ ಸರಿ ಮಾಡಿದೆ. ಜನ ಎಷ್ಟು ಅನ್ನೋ ಮನೇನ ಮುಟ್ಟಲಿಲ್ಲ. ಮನುಷ್ಯರನ್ನ ಯಾರು ದೊಡ್ಡಮ್ಮ ಲಾಭ ಅಂತ ಎಣಿಸ್ತಾರೆ?"

ಈ ಸಲ ಅದು ಬಂದದ್ದು ಜನ ಎಷ್ಟು ಅನ್ನುವ ಮನೆಗೆ. ಬಂದದ್ದು ಕಾಂತರಾಜನ ಫೋನಿನಿಂದ.

ಗಂಗಾಧರ್ ತೊಡೆ ತಟ್ಟಿದ. "ಮುಗೀತಲ್ಲ! ಮಂಡೀಲಿ ಬೆಳೆದೋನು, ಒಳಗೆ ಸಿಕ್ಕಾಕ್ಕೊಂಡು ಗಾಬರೀಲಿ ತನ್ನ ಫೋನಿಂದ ಒಬ್ಬ ಇದೀನಿ ಅಂತ ಹೊಡೆದಿದಾನೆ. ಇವಳ ದರಿದ್ರ ಪ್ರೋಗ್ರಾಮ್ ಕುಸಿದು ಅವನನ್ನ ಮರೆತಿದೆ. ದಾಖಲೆ ಅಳಿಸಿದ್ದಲ್ಲ ಮೇಡಂ, ಕೊಂದಿದ್ದೇ ಇವಳು."

ಮೌನಿಕಾ ಗೋಡೆಗೆ ಒರಗಿದಳು. ಅವಳನ್ನು ಉಳಿಸಲು ನಾನೇ ತೆಗೆಸಿದ ಕಿಟಕಿ ಅವಳ ಕುತ್ತಿಗೆಗೇ ಬಂದಿತ್ತು.

"ನನ್ನ ಇನ್ವೆಸ್ಟ್‌ಮೆಂಟೇ ಹೋಯ್ತು," ಎಂದು ಗೊಣಗಿದ ಮುರಳಿಮೋಹನ್. ಸತ್ತವನ ಬಗ್ಗೆ ಈ ಮಹಾಶಯನ ಬಾಯಿಂದ ಬಂದ ಮೊದಲ ಮಾತು ಅದು.

"ಸ್ವಲ್ಪ ತಾಳಿ. ಓದೋಕೆ ಬರೋರು ಮುಂದಿನ ಸಾಲನ್ನೂ ಓದಿ," ಎಂದೆ.

ಎರಡನೇ ಚೇಂಬರ್, ಬೀಗ, ಗ್ಯಾಸ್: ಶುರು. ಕಾಂತರಾಜನ ಫೋನಿನಿಂದ.

ನಾನು ಗಂಗಾಧರನ ಕಡೆ ತಿರುಗಿದೆ.

"ಸಿಕ್ಕಾಕ್ಕೊಂಡ ಮೇಲೆ ಲಾಭ ಹೊಡೆದ ಅಂದ್ರಿ. ಬೀಗ ಬಿದ್ದದ್ದೇ ಆಮೇಲೆ. ಅದೂ ಅದೇ ಫೋನಿಂದ. ಒಳಗಿರೋನು ತನ್ನ ಮೇಲೆ ತಾನೇ ಬೀಗ ಹಾಕಿ, ಗ್ಯಾಸ್ ಬಿಟ್ಕೊಂಡು ಮಲಗ್ತಾನಾ? ಅವನನ್ನ ಮೆಷಿನ್ ಮರೀಬೇಕು ಅಂತ ಯಾರೋ ಬೇಕಂತಲೇ ಕುಸಿಯೋ ಹಾಗೆ ಮಾಡಿದಾರೆ. ಹೇಗೆ ಕುಸಿಯುತ್ತೆ ಅಂತ ಪೂಜೆ ದಿನ ಕಣ್ಣಾರೆ ನೋಡಿದೋರು. ಕಾಂತರಾಜನ ಫೋನ್ ಎಲ್ಲಿ ಇನ್ಸ್‌ಪೆಕ್ಟ್ರೇ?"

"ಸಿಕ್ಕಿಲ್ಲ."

"ಹೆಣದ ಹತ್ರ?"

"ಸಿಕ್ಕಿಲ್ಲ ಅಂದ್ನಲ್ಲ."

"ಹಾಗಾದ್ರೆ ಆ ಫೋನ್ ಯಾರ ಹತ್ರ ಇದ್ಯೋ ಅವನೇ ಕೊಂದೋನು. ಕೋಲಾರದಿಂದ ನಿಮ್ಮ ಫೋಟೋಗ್ರಾಫರ್‌ನ ಕರೆಸಿ, ಈ ಸಾಲುಗಳ ಫೋಟೋ ತೆಗೆಸಿ. ನನ್ನ ಫೋನಲ್ಲಿ ತೆಗೆದ್ರೆ ನಾಳೆ ಕೋರ್ಟಲ್ಲಿ ನೀವೇ ಬೋಗಸ್ ಅಂತೀರ. ಅಲ್ಲೀವರೆಗೆ ಪ್ಲಗ್ಗಿಗೆ ನಾನೇ ಕಾವಲು."

ಗಂಗಾಧರ್ ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ತನ್ನ ಫೋನು ಕಿವಿಗಿಟ್ಟುಕೊಂಡು ಆಚೆ ಹೋದ.

ಅವನು ಹೋದದ್ದೇ ತಡ, ಕದಿರಪ್ಪ ಬಾಯಿ ಬಿಟ್ಟ. "ಶಾಮಲಮ್ಮನೋರೇ, ನಾನೂ ನನ್ನ ಮಗನೂ ಆ ರಾತ್ರಿ ಮುಳಬಾಗಿಲಲ್ಲಿ ಮದುವೇಲಿದ್ವಿ. ನಮ್ಮನ್ನ ಹಂಗೆ ನೋಡಬ್ಯಾಡಿ. ಬೇಕಾದ್ರೆ ಆ ಛತ್ರದೋರನ್ನ ಕೇಳಿ, ನನ್ನ ಫೋನ್ ಗಂಟೆ ಹೊಡ್ಕೊಂಡು ಮರ್ಯಾದೆ ಹೋಯ್ತು. ಮಂಗಳಾರತಿ ಅಂತ ಜನ ಎದ್ದು ಕೈ ಮುಗಿದ್ರು."

"ಏನ್ ಗಂಟೆ?"

"ಮೆಷಿನ್ ಜೊತೆ ಸಂಪರ್ಕ ತಪ್ಪಿದ್ರೆ, ಈ ಪುಟ ತೆರೆದಿರೋ ಫೋನೆಲ್ಲಾ ಗಂಟೆ ಹೊಡೀತಾವೆ ದೊಡ್ಡಮ್ಮ," ಎಂದಳು ಮೌನಿಕಾ. "ಕಾಯಿ ಕೆಡೋ ಮೊದಲೇ ಗೊತ್ತಾಗ್ಲಿ ಅಂತ. ಛತ್ರದಲ್ಲಿ ಸಿಗ್ನಲ್ ಇರಲಿಲ್ಲ ಅನ್ಸುತ್ತೆ. ದೇವಸ್ಥಾನದ ಗಂಟೇನೇ ಬೇಕು ಅಂದೋರು ಇವರೇ."

"ಶುಭ ಅಲ್ವಾ!" ಎಂದ ಕದಿರಪ್ಪ.

ಕಾಯಿ ಕೆಡಬಾರದೆಂದು ಗಂಟೆ, ಕರೆಂಟ್ ಹೋಗಬಾರದೆಂದು ಯುಪಿಎಸ್. ಎರಡನೇ ಚೇಂಬರಿನ ಬಾಗಿಲನ್ನು ಒಳಗಿನಿಂದ ಬಿಡಿಸುವ ಹಿಡಿ ಮುರಿದು ಎಷ್ಟೋ ದಿನವಾಗಿತ್ತು, ಅದನ್ನು ಹಾಕಿಸಲು ಮಾತ್ರ ಈ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ.

"ಒಮ್ಮೆ ಶುರುವಾದ್ರೆ ನಿಲ್ಲಿಸೋಕೆ ಆಗಲ್ವಾ?" ಎಂದು ಕೇಳಿದೆ.

"ಶುರು ಮಾಡಿದ ಫೋನಿಂದಲೇ ನಿಲ್ಲಿಸ್ಬೇಕು, ಬೇರೆ ಫೋನಿಂದ ಏನು ಹೊಡೆದ್ರೂ ತಗೊಳಲ್ಲ. ಇಲ್ಲಾಂದ್ರೆ ಸರದಿ ಮುಗಿಯೋವರೆಗೂ ಕಾಯ್ಬೇಕು. ಪೂರ್ತಿ ಕರೆಂಟ್ ತೆಗೆದ್ರೆ ಮಾತ್ರ ಬೀಗ ತಾನಾಗೇ ಬಿಟ್ಕೊಳುತ್ತೆ, ಅದು ಅಯಸ್ಕಾಂತದ್ದು. ಯುಪಿಎಸ್ಸಿಂದ ಬರೋ ಈ ಪ್ಲಗ್ಗಲ್ಲೇ ಅದೂ ಇರೋದು."

ಗಂಗಾಧರ್ ಒಳಗೆ ಬಂದ. ಮುಖ ತಿಳಿಯಾಗಿತ್ತು. "ಫೋಟೋಗ್ರಾಫರ್ ಬಸ್ ಹತ್ತಿದಾನೆ ಮೇಡಂ. ನೀವು ಹೇಳಿದ್ದರಲ್ಲೂ ಪಾಯಿಂಟ್ ಇದೆ. ಅವನು ಬರೋಷ್ಟರಲ್ಲಿ ಆ ಮುರಿದ ಹಿಡಿ, ಬೀಗ ಎಲ್ಲಾ ನೋಡ್ಬಿಡೋಣ. ಬಾಮ್ಮ ಮೌನಿಕಾ, ತೋರಿಸು. ವೇಣು, ನೀನು ಇಲ್ಲೇ ಇವರನ್ನ ನೋಡ್ಕೋ."

ಅಧಿಕಾರಿ ಸೋತು ದಾರಿಗೆ ಬಂದ ಎಂದು ನಾನು ಒಳಗೊಳಗೇ ಬೀಗಿದೆ. ಇಷ್ಟು ವರ್ಷ ಪೊಲೀಸರ ಜೊತೆ ಬದುಕಿದವಳಿಗೆ ಇರಬಾರದ ಪೆದ್ದುತನ.

ಅವರಿಬ್ಬರೂ ಅಂಗಳ ದಾಟಿ ಹೋದರು. ನಾನು ಪರದೆಯ ಮುಂದೆಯೇ ಕೂತೆ. ಕದಿರಪ್ಪ ಎಲೆಯಡಿಕೆ ಹಾಕಿಕೊಂಡ. ಮುರಳಿಮೋಹನ್ ಮೇಜಿನ ಮೇಲಿದ್ದ ತನ್ನ ಫೋನನ್ನು ಮಗು ಮಿಠಾಯಿ ನೋಡಿದಂತೆ ನೋಡುತ್ತಾ ಕೈಕಟ್ಟಿ ಕೂತ.

ಕಪ್ಪು ಕಿಟಕಿಯಲ್ಲಿ ಹೊಸ ಸಾಲು ಮೂಡಿತು.

ಎರಡನೇ ಚೇಂಬರ್, ಒಳಗೆ ಜನ: 1. ಮೌನಿಕಾ. ಬಾಗಿಲ ಬಳಿಯ ಟ್ಯಾಬ್‌ನಿಂದ.

ಅಭ್ಯಾಸಬಲ. ಒಳಗೆ ಕಾಲಿಡುವ ಮೊದಲು ತನ್ನ ಲೆಕ್ಕ ತಾನು ಹೊಡೆದಿದ್ದಳು. ಹುಡುಗಿಗೆ ಶಿಸ್ತಿದೆ ಎಂದುಕೊಂಡೆ.

ಅದರ ಹಿಂದೆಯೇ ಕೆಂಪು ರಾಶಿ ಸುರಿಯಿತು.

ಲಾಭ. ಕಾಂತರಾಜನ ಫೋನಿನಿಂದ.

ನನ್ನ ಕಣ್ಣು ಮೊದಲು ಹೋದದ್ದು ಆ ಕೋಣೆಯಲ್ಲಿದ್ದವರ ಕೈಗಳ ಕಡೆಗೆ. ಕದಿರಪ್ಪನ ಕೈಯಲ್ಲಿ ಸುಣ್ಣದ ಡಬ್ಬಿ. ಮುರಳಿಮೋಹನನ ಕೈಗಳು ಕಂಕುಳಲ್ಲಿ. ವೇಣುಗೋಪಾಲನ ಕೈಯಲ್ಲಿ ಲಾಠಿ. ಫೋನುಗಳೆಲ್ಲ ಮೇಜಿನ ಮೇಲೆ ಸಾಲಾಗಿ ಬಿದ್ದಿದ್ದವು.

ಎರಡನೇ ಚೇಂಬರ್, ಬೀಗ, ಗ್ಯಾಸ್: ಶುರು.

ಅಂಗಳದಾಚೆಯಿಂದ ಧಡ್ ಎಂದು ಬಾಗಿಲು ಬಿದ್ದ ಸದ್ದು ಕೇಳಿತು. ಆಮೇಲೆ ಗಂಗಾಧರನ ಕೂಗು. "ಮೇಡಂ! ಬಾಗಿಲು ಹಾಕ್ಕೊಂಡ್ಬಿಡ್ತು! ಹುಡುಗಿ ಒಳಗಿದಾಳೆ!"

ಮೊನ್ನೆಯಿಂದ ಮುಚ್ಚಿಟ್ಟ ಕೋಣೆ. ಕೊಳೆತ ಹಣ್ಣಿನ ಕೆಟ್ಟ ಗಾಳಿ, ಮೇಲೆ ಈ ಗ್ಯಾಸು, ಒಳಗೆ ಹಿಡಿಯಿಲ್ಲದ ಬಾಗಿಲು. ಕಾಂತರಾಜನ ಬಾಯಿ ತೆರೆದ ಮುಖ ಕಣ್ಣ ಮುಂದೆ ಬಂತು. ಅದರ ಜಾಗದಲ್ಲಿ ನನ್ನ ತಂಗಿಯ ಮಗಳ ಮುಖವನ್ನು ನೆನೆಯಲು ನನ್ನಿಂದಾಗಲಿಲ್ಲ.

ಪರದೆಯ ಮೇಲೆ ಸಾಲುಗಳು ಹಾಗೇ ನಿಂತಿದ್ದವು. ಮೌನಿಕಾ ನಿರಪರಾಧಿ ಎನ್ನಲು ಲೋಕದಲ್ಲಿದ್ದ ಒಂದೇ ಸಾಕ್ಷಿ. ಫೋಟೋಗ್ರಾಫರ್ ಇನ್ನೂ ಬಸ್ಸಿನಲ್ಲಿದ್ದ.

"ಅಮ್ಮೋ, ಬೇಡ! ಒಂದನೇ ಚೇಂಬರಲ್ಲಿ ನನ್ನ ಬಾದಾಮಿ ಇದೆ!" ಎಂದು ಕದಿರಪ್ಪ ಅರಚಿದ.

"ನಿನ್ನ ಬಾದಾಮಿಗೆ ಬೆಂಕಿ ಹಾಕ!"

ಪ್ಲಗ್ ಕಿತ್ತೆ.

ಪರದೆ ಕಪ್ಪಾಯಿತು. ಮೇಜಿನ ಮೇಲೆ ಕದಿರಪ್ಪನ ಫೋನು, ಮುರಳಿಮೋಹನನ ಫೋನು ಎರಡೂ ಒಟ್ಟಿಗೆ ದೇವಸ್ಥಾನದ ಗಂಟೆ ಬಾರಿಸತೊಡಗಿದವು. ಅವನ್ನು ಹಾಗೇ ಬಿಟ್ಟು, ಕ್ರೇಟುಗಳನ್ನು ಒದ್ದುಕೊಂಡು ಅಂಗಳದಾಚೆಗೆ ಓಡಿದೆ. ಹರಾಜಿನವರು ಕೂಗು ನಿಲ್ಲಿಸಿ ನೋಡುತ್ತಿದ್ದರು.

ಚೇಂಬರಿನ ಬಾಗಿಲು ಬಿಟ್ಟುಕೊಂಡಿತ್ತು. ಮೌನಿಕಾ ಹೊಸ್ತಿಲ ಮೇಲೆ ಮಂಡಿಯೂರಿ ಕೆಮ್ಮುತ್ತಿದ್ದಳು. ಎಳೆದು ಎದೆಗೆ ಅಪ್ಪಿಕೊಂಡೆ. ಬಾಗಿಲ ಪಕ್ಕದ ಟ್ಯಾಬ್ ಕೂಡ ಢಣಢಣ ಗಂಟೆ ಹೊಡೆಯುತ್ತಿತ್ತು.

"ದೊಡ್ಡಮ್ಮ, ಒಳಗೆ ಹೋಗಿ ಹಿಡಿ ತೋರಿಸು ಅಂದ್ರು... ನಾನು ತಿರುಗೋಷ್ಟರಲ್ಲಿ..."

ಗಂಗಾಧರ್ ಎರಡು ಹೆಜ್ಜೆ ಆಚೆ ನಿಂತಿದ್ದ. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

"ಪ್ಲಗ್ ಕಿತ್ತಿದ್ದು ಯಾರು ಮೇಡಂ?"

"ನಾನೇ."

"ಅಯ್ಯೋ, ಎಂಥ ಕೆಲಸ ಮಾಡ್ಬಿಟ್ರಿ." ಅವನು ನಾಲಿಗೆ ಲೊಚಗುಟ್ಟಿದ. "ನಾನು ಕೀಳ್ತೀನಿ ಅಂದಾಗ ಕೈ ಮುರೀತೀನಿ ಅಂದ್ರಿ. ವೇಣು, ಬರ್ಕೋ. ಸಾಕ್ಷ್ಯನಾಶ. ಆರೋಪಿಯ ದೊಡ್ಡಮ್ಮ, ಎಲ್ಲರ ಕಣ್ಣೆದುರಿಗೆ. ಇಬ್ರನ್ನೂ ಜೀಪ್ ಹತ್ತಿಸು."

ಕಾಂತರಾಜನನ್ನು ಯಾಕೆ ಕೊಂದನೋ ಗೊತ್ತಿಲ್ಲ, ಆದರೆ ಕೊಂದವನು ಇವನೇ ಎಂದು ಆಗ ನನಗೆ ಅರ್ಥವಾಯಿತು. ಅವನಿಗೆ ಹುಡುಗಿಯ ಹೆಣ ಬೇಕಿರಲಿಲ್ಲ. ಆ ಪ್ಲಗ್ ಕೀಳಬೇಕಿತ್ತು, ಅದೂ ನನ್ನ ಕೈಯಿಂದಲೇ. ಪೂಜೆಯ ದಿನ ಹಾರ ಹಾಕಿಕೊಂಡು ಎಲ್ಲರ ಜೊತೆ ನಕ್ಕವನು, ನಗುತ್ತಲೇ ಪಾಠ ಕಲಿತಿದ್ದ. ಇಸ್ತ್ರಿಯ ಶರ್ಟಿನಾಚೆಗೆ ನಾನು ನೋಡಿಯೇ ಇರಲಿಲ್ಲ. ಅವನ ಮುಖಕ್ಕೆ ಉಗಿಯುವಷ್ಟು ಹೇಸಿಗೆಯಾಯಿತು, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಹಿಂದೆಯೇ ಓಡಿ ಬಂದಿದ್ದ ವೇಣುಗೋಪಾಲ್ ಪೆನ್ನು ತೆಗೆದ. ಕದಿರಪ್ಪ, ಮುರಳಿಮೋಹನ್ ಬರಿಗೈಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ನಾನು ಏನು ಹೇಳಿದರೂ ಈ ಮೂವರೂ ಇನ್ಸ್‌ಪೆಕ್ಟರ್ ಹೇಳಿದ್ದಕ್ಕೆ ತಲೆಯಾಡಿಸುವವರೇ.

"ಆ ದರಿದ್ರ ಗಂಟೆ ನಿಲ್ಲಿಸ್ರೋ ಮೊದಲು," ಎಂದ ಗಂಗಾಧರ್.

ಮೌನಿಕಾ ನನ್ನ ತೋಳು ಹಿಡಿದು ಎದ್ದಳು. ಟ್ಯಾಬಿನ ಗುಂಡಿ ಒತ್ತಿ ಹಿಡಿದಳು. ಟ್ಯಾಬ್ ಆರಿತು.

ಗಂಟೆ ನಿಲ್ಲಲಿಲ್ಲ.

ಸಣ್ಣಗೆ, ಬಟ್ಟೆಯೊಳಗಿನಿಂದ ಬಂದಂತೆ, ತೀರಾ ಹತ್ತಿರದಲ್ಲೇ ಬಾರಿಸುತ್ತಿತ್ತು. ಗಂಗಾಧರನ ಸ್ವಂತ ಫೋನು ಅವನ ಎಡಗೈಯಲ್ಲಿತ್ತು, ಅದು ಸುಮ್ಮನಿತ್ತು. ವೇಣುಗೋಪಾಲನ ಪೆನ್ನು ಕಾಗದದ ಮೇಲೆ ನಿಂತಿತು. ಅವನು ತಲೆಯೆತ್ತಿ ತನ್ನ ಸಾಹೇಬನ ಪ್ಯಾಂಟಿನ ಜೇಬನ್ನೇ ನೋಡಿದ.

ಗಂಗಾಧರನ ಬಲಗೈ ನಿಧಾನವಾಗಿ ಕೆಳಗಿಳಿಯಿತು. ಆ ಜೇಬಿನ ಕಡೆಗಲ್ಲ, ಸೊಂಟದ ಪಿಸ್ತೂಲಿನ ಕಡೆಗೆ.